ಟರ್ಬೊ ಕಾರಿಗೆ ಹೊಸ ಸ್ಪಾರ್ಕ್ ಪ್ಲಗ್: ಸರಿಯಾದದ್ದನ್ನು ಆರಿಸುವುದು ಹೇಗೆ?

ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಪೆಟ್ರೋಲ್ ಕಾರು ನಿಧಾನವಾಗಿ ಓಡಿಸುವಾಗ ಏನೂ ತೊಂದರೆ ಕೊಡುವುದಿಲ್ಲ. ಐಡ್ಲಿಂಗ್ ಕೂಡ ಚೆನ್ನಾಗಿಯೇ ಇರುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದು ಮುಂದಿನ ಗಾಡಿಯನ್ನು ದಾಟಲು ಹೋದಾಗ ಮಾತ್ರ ಮುಗ್ಗರಿಸುತ್ತದೆ. ಚೆಕ್ ಎಂಜಿನ್ ಲೈಟ್ ಮಿಣುಕುತ್ತದೆ. ಆಗ ಹೆಚ್ಚಿನವರಿಗೆ ಮೊದಲು ಅನುಮಾನ ಬರುವುದು ಟರ್ಬೊ ಮೇಲೆ, ಆಮೇಲೆ ಫ್ಯೂಯೆಲ್ ಪಂಪ್ ಮೇಲೆ. ಆದರೆ ಮೊದಲು ನೋಡಬೇಕಾದದ್ದು ಸ್ಪಾರ್ಕ್ ಪ್ಲಗ್, ಅಂದರೆ ಸಿಲಿಂಡರ್ ಒಳಗೆ ಕಿಡಿ ಹಾರಿಸಿ ಪೆಟ್ರೋಲ್‌ಗೆ ಬೆಂಕಿ ಹಚ್ಚುವ ಭಾಗ. ಅದು ಸವೆದಿರಬಹುದು. ಇಲ್ಲವೇ ಆ ಎಂಜಿನ್‌ಗೆ ಹೊಂದದ ಪ್ಲಗ್ ಅಲ್ಲಿ ಕೂತಿರಬಹುದು.

ಹೊಸ ಪ್ಲಗ್ ಕೊಳ್ಳುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಯಾವ ಕಂಪನಿದು ಒಳ್ಳೇದು?" ಎರಡನೆಯದು "ಇರಿಡಿಯಂ ಹಾಕಿಸಲಾ?" ಇರಿಡಿಯಂ ಅಂದರೆ ದುಬಾರಿ ಪ್ಲಗ್‌ಗಳ ತುದಿಗೆ ಹಾಕುವ ಗಟ್ಟಿ ಲೋಹ. ನನ್ನ ಪ್ರಕಾರ ಇವೆರಡೂ ಕೊನೆಗೆ ಕೇಳಬೇಕಾದ ಪ್ರಶ್ನೆಗಳು. ಟರ್ಬೊ ಎಂಜಿನ್‌ನಲ್ಲಿ ಮೊದಲು ಅಳತೆ, ಆಮೇಲೆ ಹೀಟ್ ರೇಂಜ್ (ಪ್ಲಗ್ ತನ್ನ ತುದಿಯ ಬಿಸಿಯನ್ನು ಎಷ್ಟು ಬೇಗ ಇಳಿಸುತ್ತದೆ ಎನ್ನುವುದು), ಆಮೇಲೆ ಗ್ಯಾಪ್ (ಕಿಡಿ ಹಾರುವ ಸಂದು). ಈ ಮೂರು ಸರಿಯಾಗಿದ್ದರೆ ಸಾಧಾರಣ ನಿಕ್ಕಲ್ ಪ್ಲಗ್ ಕೂಡ ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಎಷ್ಟೇ ದುಬಾರಿ ಪ್ಲಗ್ ಹಾಕಿದರೂ ಉಪಯೋಗವಿಲ್ಲ. ಕೆಲವು ಸಲ ಎಂಜಿನ್ನೇ ಹಾಳಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಪೆಟ್ರೋಲ್ ಟರ್ಬೊ ಕಾರಿಗೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅಲ್ಲಿರುವುದು ಗ್ಲೋ ಪ್ಲಗ್, ಅದರ ಕೆಲಸವೇ ಬೇರೆ.

ಟರ್ಬೊ ಇದ್ದರೆ ಪ್ಲಗ್‌ಗೆ ಏನು ಕಷ್ಟ?

ಎರಡು ಕಷ್ಟ. ಒಂದು ಒತ್ತಡದ್ದು, ಇನ್ನೊಂದು ಬಿಸಿಯದ್ದು.

ಟರ್ಬೊ 1 ಬಾರ್ ಬೂಸ್ಟ್ (ಹೊರಗಿನ ಗಾಳಿಯ ಒತ್ತಡದ ಮೇಲೆ ಸುಮಾರು ಅಷ್ಟೇ ಹೆಚ್ಚುವರಿ ಒತ್ತಡ) ಕೊಡುತ್ತಿದೆ ಅಂದರೆ ಸಿಲಿಂಡರ್‌ಗೆ ಹೆಚ್ಚುಕಡಿಮೆ ಎರಡರಷ್ಟು ಗಾಳಿ ಹೋಗುತ್ತಿದೆ. ಪಿಸ್ಟನ್ ಅದನ್ನು ಇನ್ನಷ್ಟು ಒತ್ತುತ್ತದೆ. ಪ್ಲಗ್‌ನ ಎರಡು ಎಲೆಕ್ಟ್ರೋಡ್‌ಗಳ (ಲೋಹದ ತುದಿಗಳ) ನಡುವೆ ಗಾಳಿ ಎಷ್ಟು ದಟ್ಟವಾಗಿರುತ್ತದೋ ಅಷ್ಟು ಜಾಸ್ತಿ ವೋಲ್ಟೇಜ್ ಇದ್ದರೆ ಮಾತ್ರ ಕಿಡಿ ಹಾರುತ್ತದೆ. ಸಂದು ಅಗಲವಾದಷ್ಟೂ ಬೇಕಾಗುವ ವೋಲ್ಟೇಜ್ ಏರುತ್ತದೆ. ಆ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ಗೆ ಒಂದು ಮಿತಿ ಇದೆ. ಅದು ಕೊಡುವುದಕ್ಕಿಂತ ಜಾಸ್ತಿ ವೋಲ್ಟೇಜ್ ಬೇಕಾದಾಗ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಪ್ಲಗ್‌ನ ಪಿಂಗಾಣಿಯ ಹೊರಮೈ ಮೇಲೆ ಹರಿದು ಲೋಹದ ಭಾಗಕ್ಕೆ ಇಳಿಯುತ್ತದೆ, ಅಥವಾ ಕಾಯಿಲ್‌ನ ರಬ್ಬರ್ ಬೂಟನ್ನು ಸೀಳಿಕೊಂಡು ಹೋಗುತ್ತದೆ. ಸಿಲಿಂಡರ್ ಒಳಗೆ ಬೆಂಕಿ ಹತ್ತುವುದಿಲ್ಲ. "ಬೂಸ್ಟ್ ಗಾಳಿ ಕಿಡಿಯನ್ನು ಊದಿ ಆರಿಸುತ್ತದೆ" ಅಂತ ಹೇಳುವುದನ್ನು ಕೇಳಿರುತ್ತೀರಿ, ಅಲ್ವಾ? ನಿಜಕ್ಕೂ ಹೆಚ್ಚಿನ ಸಲ ಆಗುವುದು ಇಷ್ಟೇ: ಕಿಡಿ ಆ ಸಂದನ್ನು ದಾಟಿರುವುದೇ ಇಲ್ಲ.

ಈ ತೊಂದರೆ ಹೆಚ್ಚಾಗಿ ಕಾಣುವುದು ಎಂಜಿನ್ ತನ್ನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ಕೊಡುವ ಆರ್‌ಪಿಎಂ ಹತ್ತಿರ. ಏಕೆಂದರೆ ಸಿಲಿಂಡರ್ ಅತಿ ಹೆಚ್ಚು ತುಂಬುವುದು ಆಗಲೇ. ಮಧ್ಯದ ಆರ್‌ಪಿಎಂನಲ್ಲಿ ಮುಗ್ಗರಿಸಿ, ಮೇಲಕ್ಕೆ ಹೋದಂತೆ ಸರಿಯಾಗುವ ಕಾರು ಇದ್ದರೆ ಪ್ಲಗ್ ಗ್ಯಾಪ್ ಮತ್ತು ಕಾಯಿಲ್ ಮೇಲೆ ನನ್ನ ಕಣ್ಣು ಮೊದಲು ಹೋಗುತ್ತದೆ.

ಇನ್ನು ಬಿಸಿ. ಪ್ರತಿ ಸಲವೂ ಜಾಸ್ತಿ ಗಾಳಿ, ಜಾಸ್ತಿ ಪೆಟ್ರೋಲ್ ಉರಿಯುತ್ತದೆ. ಆ ಬಿಸಿ ಪ್ಲಗ್ ತುದಿಗೂ ತಟ್ಟುತ್ತದೆ. ತುದಿ ಮಿತಿಮೀರಿ ಕಾದರೆ ಅದೇ ಒಂದು ಕೆಂಡವಾಗಿ, ಕಿಡಿ ಬರುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಇದೇ ಪ್ರಿ-ಇಗ್ನಿಷನ್. ಪೂರ್ತಿ ಬೂಸ್ಟ್‌ನಲ್ಲಿ ಹೀಗಾದರೆ ಪಿಸ್ಟನ್ ತೂತು ಬೀಳಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಹೆಜ್ಜೆ 1: ಎಂಜಿನ್ ಈಗ ಯಾವ ಸ್ಥಿತಿಯಲ್ಲಿದೆ ಎಂದು ತಿಳಿದುಕೊಳ್ಳಿ

ಕಾರಿನ ಹೆಸರು ಸಾಲದು. ಒಂದೇ ಮಾಡೆಲ್‌ನಲ್ಲಿ, ಒಂದೇ ವರ್ಷದಲ್ಲಿ ಎರಡು ಬೇರೆ ಎಂಜಿನ್ ಬಂದಿರಬಹುದು. ಎಂಜಿನ್ ಕೋಡ್ ಬರೆದಿಟ್ಟುಕೊಳ್ಳಿ. ಓನರ್ಸ್ ಮ್ಯಾನುಯಲ್‌ನಲ್ಲಿ ಪ್ಲಗ್ ನಂಬರ್, ಗ್ಯಾಪ್, ಬದಲಿಸುವ ಅವಧಿ ಇದೆಯೇ ನೋಡಿ. ಇಲ್ಲದಿದ್ದರೆ ಚಾಸಿಸ್ ನಂಬರ್ ಕೊಟ್ಟು ಡೀಲರ್‌ನ ಪಾರ್ಟ್ಸ್ ವಿಭಾಗದಲ್ಲಿ ಕೇಳಿ. ಕಾರು ಮಾರಾಟಕ್ಕೆ ಬಂದ ಮೇಲೆ ತಯಾರಕರು ಪ್ಲಗ್ ನಂಬರನ್ನು ಬದಲಿಸಿರುವುದೂ ಉಂಟು. ಹಾಗಾಗಿ ಹಳೆಯ ಮ್ಯಾನುಯಲ್‌ಗಿಂತ ಈಗಿನ ಪಾರ್ಟ್ಸ್ ಪಟ್ಟಿಯೇ ಹೆಚ್ಚು ನಂಬಿಕೆಯದ್ದು.

ಈಗ ಎಂಜಿನ್‌ನಲ್ಲಿ ಇರುವ ಪ್ಲಗ್ಗೇ ಸರಿಯಾದದ್ದು ಎಂದುಕೊಳ್ಳಬೇಡಿ. ಅದನ್ನು ಹಾಕಿದವರು ಯಾರೋ, ಏನು ನೋಡಿ ಹಾಕಿದರೋ ಗೊತ್ತಿಲ್ಲವಲ್ಲ. ಸೆಕೆಂಡ್ ಹ್ಯಾಂಡ್ ಕಾರಾದರೆ ಇನ್ನೂ ಎಚ್ಚರ ಬೇಕು.

ಮುಂದಿನ ಪ್ರಶ್ನೆ ಮುಖ್ಯವಾದದ್ದು. ಕಾರು ಕಂಪನಿಯಿಂದ ಬಂದ ಹಾಗೇ ಇದೆಯೇ? ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ರೀಮ್ಯಾಪ್ ಆಗಿದೆಯೇ, ಅಂದರೆ ಹೆಚ್ಚು ಪವರ್‌ಗಾಗಿ ಅದರ ಪ್ರೋಗ್ರಾಂ ಬದಲಿಸಿ ಟ್ಯೂನ್ ಮಾಡಿದ್ದಾರೆಯೇ? ಟರ್ಬೊ ದೊಡ್ಡದಾಗಿದೆಯೇ? ಬೂಸ್ಟ್ ಎಷ್ಟು ಏರಿಸಿದ್ದಾರೆ? ಏನೂ ಬದಲಾಗಿಲ್ಲದಿದ್ದರೆ ನಿಮ್ಮ ಕೆಲಸ ತುಂಬಾ ಸುಲಭ. ತಯಾರಕರು ಹೇಳಿದ ನಂಬರನ್ನೇ ಹಾಕಿ. ಆ ಪ್ಲಗ್ಗನ್ನು ಚಳಿಯಲ್ಲಿ, ಬಿಸಿಲಲ್ಲಿ, ಪೂರ್ತಿ ಲೋಡ್‌ನಲ್ಲಿ ಪರೀಕ್ಷಿಸಿಯೇ ಆರಿಸಿರುತ್ತಾರೆ. "ಕೋಲ್ಡ್ ಪ್ಲಗ್ ಹಾಕಿದರೆ ಪವರ್ ಬರುತ್ತೆ" ಎನ್ನುವ ಮಾತು ನಂಬಿ ಸುಮ್ನೆ ಬದಲಿಸಲು ಹೋಗಬೇಡಿ (ಕೋಲ್ಡ್ ಪ್ಲಗ್ ಅಂದರೆ ತುದಿಯ ಬಿಸಿಯನ್ನು ಬೇಗ ಇಳಿಸುವ ಪ್ಲಗ್). ಪ್ಲಗ್ ತಾನಾಗಿ ಪವರ್ ಕೊಡುವುದಿಲ್ಲ.

ಹೆಜ್ಜೆ 2: ಹಳೆ ಪ್ಲಗ್‌ಗಳನ್ನು ಬಿಚ್ಚಿ, ಸಾಲಾಗಿ ಇಟ್ಟು ನೋಡಿ

ಹೊಸದನ್ನು ಆರ್ಡರ್ ಮಾಡುವ ಮೊದಲೇ ಇದನ್ನು ಮಾಡಿ. ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲಿಯೇ ಜೋಡಿಸಿ. ಒಂದೊಂದರ ಬಣ್ಣಕ್ಕಿಂತ, ನಾಲ್ಕರಲ್ಲಿ ಒಂದು ಬೇರೆ ಥರ ಇದೆಯೇ ಎನ್ನುವುದೇ ದೊಡ್ಡ ಸುಳಿವು.

ತುದಿಯ ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಆರೋಗ್ಯವಾಗಿದೆ. ಒಣ ಕರಿ ಮಸಿ ಇದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ, ಅಥವಾ ಪ್ಲಗ್ ಬೇಕಾದುದಕ್ಕಿಂತ ಕೋಲ್ಡ್, ಅಥವಾ ಕಾರು ಬರೀ ಚಿಕ್ಕ ಚಿಕ್ಕ ದೂರಕ್ಕೆ ಓಡುತ್ತಿದೆ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸುವ) ಎಂಜಿನ್‌ನಲ್ಲಿ ಲೋಹದ ಅಂಚಿನ ಮೇಲೆ ಸ್ವಲ್ಪ ಮಸಿ ಇರುವುದು ಮಾಮೂಲಿ, ಅದಕ್ಕೆ ಹೆದರಬೇಕಿಲ್ಲ. ಜಿಡ್ಡುಜಿಡ್ಡಾಗಿ ಒದ್ದೆ ಇದ್ದರೆ ಆಯಿಲ್ ಒಳಗೆ ಬರುತ್ತಿದೆ: ಪಿಸ್ಟನ್ ರಿಂಗ್, ವಾಲ್ವ್ ಸೀಲ್, ಪಿಸಿವಿ (ಎಂಜಿನ್ ತಳದ ಗ್ಯಾಸನ್ನು ಮತ್ತೆ ಒಳಗೆ ಬಿಡುವ ವಾಲ್ವ್), ಅಥವಾ ಟರ್ಬೊದ ಸೀಲ್. ಹೊಸ ಪ್ಲಗ್ ಅದನ್ನು ಸರಿಮಾಡುವುದಿಲ್ಲ.

ಎಚ್ಚರ ಬೇಕಾದದ್ದು ಇನ್ನೊಂದು ಕಡೆಯ ಚಿಹ್ನೆಗಳಿಗೆ. ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗಿ, ಮೇಲೆ ಗುಳ್ಳೆ ಎದ್ದಂತೆ ಇದ್ದರೆ ತುದಿ ತುಂಬಾ ಕಾದಿದೆ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಂಥ ಕಪ್ಪು ಚುಕ್ಕೆ ಅಥವಾ ಹೊಳೆಯುವ ಸಣ್ಣ ಅಲ್ಯೂಮಿನಿಯಂ ಕಣ ಕಂಡರೆ ಎಂಜಿನ್ ನಾಕ್ ಆಗುತ್ತಿದೆ, ಅಂದರೆ ಮಿಶ್ರಣದ ಒಂದು ಭಾಗ ತಾನಾಗಿ ಸ್ಫೋಟಿಸುತ್ತಿದೆ. ಆ ಕಣ ಬಂದಿರುವುದು ಪಿಸ್ಟನ್‌ನಿಂದ. ತುದಿಯ ಪಿಂಗಾಣಿ ಒಡೆದಿದ್ದರೂ ಹಾಗೆಯೇ. ಇಂಥದ್ದು ಕಂಡರೆ ಪ್ಲಗ್ ಬದಲಿಸಿ ಮುಂದೆ ಹೋಗಬೇಡಿ. ಟ್ಯೂನ್, ಇಂಧನದ ಆಕ್ಟೇನ್ (ನಾಕ್ ತಡೆಯುವ ಗುಣ), ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಲ್ಲ ಪರೀಕ್ಷೆ ಆಗಲಿ. ಅಲ್ಲಿಯವರೆಗೆ ಬೂಸ್ಟ್‌ನಲ್ಲಿ ಓಡಿಸಬೇಡಿ.

ಪ್ಲಗ್‌ನ ಹೊರಭಾಗದಲ್ಲಿ, ಪಿಂಗಾಣಿ ಲೋಹಕ್ಕೆ ಸೇರುವ ಕಡೆ ಕಂದು ಪಟ್ಟಿ ಕಾಣುತ್ತದೆ. ಒಳಗಿನ ಗ್ಯಾಸ್ ಸೋರಿ ಆದ ಕಲೆ ಎಂದು ತುಂಬಾ ಜನ ಗಾಬರಿಯಾಗುತ್ತಾರೆ. ಹಾಗೇನೂ ಇಲ್ಲ. ಹೈ ವೋಲ್ಟೇಜ್ ಸುತ್ತ ಆಗುವ ಕೊರೋನಾ ಡಿಸ್ಚಾರ್ಜ್ ಗಾಳಿಯಲ್ಲಿನ ಎಣ್ಣೆಯ ಕಣಗಳನ್ನು ಎಳೆದು ಅಂಟಿಸಿದ ಕಲೆ ಅದು. ಆದರೆ ಪಿಂಗಾಣಿಯ ಉದ್ದಕ್ಕೂ ಪೆನ್ಸಿಲ್ ಗೆರೆಯಂಥ ಕಪ್ಪು ಗೆರೆ ಇದ್ದರೆ ಅದು ಬೇರೆ. ಕಿಡಿ ಹೊರಗೆ ಹರಿದ ದಾರಿ ಅದು. ಆಗ ಪ್ಲಗ್ ಜೊತೆ ಕಾಯಿಲ್ ಬೂಟೂ ಬದಲಾಗಬೇಕು, ಇಲ್ಲದಿದ್ದರೆ ಹೊಸ ಪ್ಲಗ್‌ನಲ್ಲೂ ಕರೆಂಟ್ ಅದೇ ದಾರಿ ಹಿಡಿಯುತ್ತದೆ.

ಹೆಜ್ಜೆ 3: ಅಳತೆ

ಇಲ್ಲಿ ರಾಜಿ ಇಲ್ಲ. ಥ್ರೆಡ್‌ನ ವ್ಯಾಸ, ಥ್ರೆಡ್‌ನ ಉದ್ದ, ಸ್ಪ್ಯಾನರ್ ಹಿಡಿಯುವ ಹೆಕ್ಸ್, ಕೂರುವ ಸೀಟ್ ನಾಲ್ಕೂ ಹೊಂದಬೇಕು. ಕಾರುಗಳಲ್ಲಿ ಥ್ರೆಡ್ ಸಾಮಾನ್ಯವಾಗಿ 14 ಅಥವಾ 12 ಮಿ.ಮೀ., ಕೆಲವು ಹೊಸ ಎಂಜಿನ್‌ಗಳಲ್ಲಿ 10 ಮಿ.ಮೀ. ಉದ್ದ 19 ಅಥವಾ 26.5 ಮಿ.ಮೀ. ಹೆಚ್ಚಾಗಿ ಕಾಣುತ್ತದೆ. ಹೆಕ್ಸ್ 16 ಅಥವಾ 14 ಮಿ.ಮೀ. ಇರುತ್ತದೆ. ಕೆಲವು ಎಂಜಿನ್‌ಗಳಿಗೆ 14 ಮಿ.ಮೀ.ನ ಹನ್ನೆರಡು ಮೂಲೆಯ ಸಾಕೆಟ್ಟೇ ಬೇಕು.

ಥ್ರೆಡ್ ಉದ್ದ ಜಾಸ್ತಿಯಾದರೆ ಪಿಸ್ಟನ್ ಅಥವಾ ವಾಲ್ವ್ ಪ್ಲಗ್‌ಗೆ ಬಡಿಯಬಹುದು. ಹೊರಚಾಚಿದ ಥ್ರೆಡ್ ಕಾದು ಕೆಂಪಾಗುವುದೂ ಉಂಟು. ಕಡಿಮೆಯಾದರೆ ಹೆಡ್‌ನ ಖಾಲಿ ಥ್ರೆಡ್‌ನಲ್ಲಿ ಕಾರ್ಬನ್ ತುಂಬಿಕೊಂಡು ಮುಂದೆ ಸರಿಯಾದ ಪ್ಲಗ್ ಕೂರುವುದೇ ಇಲ್ಲ. ಸೀಟ್‌ನಲ್ಲಿ ಎರಡು ಬಗೆ: ವಾಷರ್ ಇರುವ ಚಪ್ಪಟೆ ಸೀಟ್, ವಾಷರ್ ಇಲ್ಲದ ಓರೆ ಸೀಟ್. ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ.

ಎನ್‌ಜಿಕೆ ಪ್ಲಗ್ ಆದರೆ ನಂಬರ್‌ನಲ್ಲಿ ರೆಸಿಸ್ಟರ್ ಸೂಚಿಸುವ 'ಆರ್' ಇದೆಯೇ ನೋಡಿ. ಸುಮಾರು 5,000 ಓಮ್‌ನ ಈ ರೆಸಿಸ್ಟರ್ ಕಿಡಿಯಿಂದ ಹುಟ್ಟುವ ರೇಡಿಯೊ ಗದ್ದಲವನ್ನು ತಡೆಯುತ್ತದೆ. ಇವತ್ತಿನ ಕಾರಿನ ಇಸಿಯು ಮತ್ತು ಸೆನ್ಸರ್‌ಗಳಿಗೆ ಅದು ಬೇಕೇ ಬೇಕು. ರೆಸಿಸ್ಟರ್ ಇಲ್ಲದ ಪ್ಲಗ್ ರಸ್ತೆಯ ಕಾರಿಗೆ ಬೇಡ.

ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆದರೆ ಇನ್ನೊಂದು ವಿಷಯ. ಕೆಲವು ಎಂಜಿನ್‌ಗಳಲ್ಲಿ ಬಾಗಿದ ಹೊರ ಎಲೆಕ್ಟ್ರೋಡ್ ಯಾವ ದಿಕ್ಕಿಗೆ ನಿಲ್ಲಬೇಕು ಎನ್ನುವುದೂ ಲೆಕ್ಕದಲ್ಲಿದೆ. ಇಂಜೆಕ್ಟರ್ ಚಿಮ್ಮಿಸುವ ಪೆಟ್ರೋಲ್‌ಗೆ ಅದು ಅಡ್ಡ ಬರಬಾರದು. ಅಂಥ ಎಂಜಿನ್‌ಗೆ ಥ್ರೆಡ್ ಶುರುವಾಗುವ ಜಾಗವನ್ನೇ ಲೆಕ್ಕ ಹಾಕಿ ತಯಾರಿಸಿದ ಪ್ಲಗ್ ಬರುತ್ತದೆ. ಅಳತೆ ಹೊಂದಿತು ಎಂದು ಬೇರೆ ಪ್ಲಗ್ ಹಾಕುವಂತಿಲ್ಲ.

ಹೆಜ್ಜೆ 4: ಹೀಟ್ ರೇಂಜ್

ಹಾಟ್ ಪ್ಲಗ್, ಕೋಲ್ಡ್ ಪ್ಲಗ್ ಎನ್ನುವುದಕ್ಕೂ ಕಿಡಿಯ ಶಕ್ತಿಗೂ ಸಂಬಂಧವಿಲ್ಲ. ತನ್ನ ತುದಿಯ ಬಿಸಿಯನ್ನು ಪ್ಲಗ್ ಎಷ್ಟು ಬೇಗ ಎಂಜಿನ್ ಹೆಡ್‌ಗೆ ದಾಟಿಸುತ್ತದೆ ಎನ್ನುವುದಷ್ಟೇ ಹೀಟ್ ರೇಂಜ್. ಒಳಗಿನ ಪಿಂಗಾಣಿ ಮೂತಿ ಉದ್ದ ಇದ್ದರೆ ಬಿಸಿ ಹೊರಗೆ ಹೋಗುವ ದಾರಿಯೂ ಉದ್ದ. ತುದಿ ಬಿಸಿಯಾಗಿಯೇ ಉಳಿಯುತ್ತದೆ, ಅದು ಹಾಟ್ ಪ್ಲಗ್. ಮೂತಿ ಚಿಕ್ಕದಾದರೆ ಬಿಸಿ ಬೇಗ ಇಳಿಯುತ್ತದೆ, ಅದು ಕೋಲ್ಡ್ ಪ್ಲಗ್.

ತುದಿಗೆ ಬೇಕಾದ ಬಿಸಿಗೆ ಎರಡು ಗಡಿಗಳಿವೆ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಮೇಲೆ ಕೂತ ಮಸಿ ಸುಟ್ಟುಹೋಗುವುದಿಲ್ಲ. ಮಸಿ ಕರೆಂಟ್ ಹರಿಸುತ್ತದೆ, ಕಿಡಿ ಸೋರಿಹೋಗುತ್ತದೆ. ಸುಮಾರು 850 ಡಿಗ್ರಿ ದಾಟಿದರೆ ಎಲೆಕ್ಟ್ರೋಡ್ ಬೇಗ ಸವೆಯುತ್ತದೆ, ಪ್ರಿ-ಇಗ್ನಿಷನ್ ಅಪಾಯ ಹತ್ತಿರವಾಗುತ್ತದೆ. ಪ್ಲಗ್ ಆರಿಸುವುದು ಅಂದರೆ ನೀವು ಓಡಿಸುವ ರೀತಿಯಲ್ಲಿ ತುದಿ ಈ ಎರಡು ಗಡಿಗಳ ನಡುವೆ ಇರುವಂತೆ ನೋಡಿಕೊಳ್ಳುವುದು.

ನಂಬರ್ ಓದುವಾಗ ಎಡವುವುದು ಇಲ್ಲೇ. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಉಲ್ಟಾ, ಅಂಕಿ ಚಿಕ್ಕದಾದಷ್ಟೂ ಕೋಲ್ಡ್. ಎನ್‌ಜಿಕೆಯ 5, 6, 7, 8, 9ಕ್ಕೆ ಡೆನ್ಸೊದಲ್ಲಿ ಸರಿಸುಮಾರು 16, 20, 22, 24, 27 ಹೊಂದುತ್ತವೆ. ಬಾಷ್‌ನ 7 ಅನ್ನು ನೋಡಿ ಎನ್‌ಜಿಕೆ 7 ಎಂದು ತಿಳಿದರೆ ಕೆಟ್ಟಿತು. ಕಂಪನಿ ಬದಲಿಸುವುದಾದರೆ ಆ ಕಂಪನಿಯದ್ದೇ ಕ್ಯಾಟಲಾಗ್‌ನಲ್ಲಿ ನಿಮ್ಮ ಎಂಜಿನ್‌ಗೆ ಏನು ಹೇಳಿದ್ದಾರೆ ನೋಡಿ.

ಟ್ಯೂನ್ ಆದ ಕಾರಿಗೆ ಎಷ್ಟು ಕೋಲ್ಡ್ ಬೇಕು? ಎನ್‌ಜಿಕೆ ಕೊಡುವ ಒಂದು ಸ್ಥೂಲ ಲೆಕ್ಕ ಇದೆ: ಎಂಜಿನ್‌ಗೆ 75ರಿಂದ 100 ಹಾರ್ಸ್‌ಪವರ್ ಹೆಚ್ಚಾದರೆ ಒಂದು ಮೆಟ್ಟಿಲು ಕೋಲ್ಡ್. ಒಂದು ಮೆಟ್ಟಿಲಿಗೆ ತುದಿಯಿಂದ ಸುಮಾರು 70ರಿಂದ 100 ಡಿಗ್ರಿಯಷ್ಟು ಬಿಸಿ ಹೆಚ್ಚು ಇಳಿಯುತ್ತದೆ. ಬರೀ ಸಣ್ಣ ರೀಮ್ಯಾಪ್ ಆಗಿ, ಟರ್ಬೊ ಕಂಪನಿಯದ್ದೇ ಇದ್ದರೆ ಹಲವು ಎಂಜಿನ್‌ಗಳು ಮೂಲ ಹೀಟ್ ರೇಂಜ್‌ನಲ್ಲೇ ಸುಖವಾಗಿರುತ್ತವೆ, ಗ್ಯಾಪ್ ಮಾತ್ರ ಕಿರಿದು ಮಾಡಿದರೆ ಸಾಕಾಗುತ್ತದೆ. ಮೂಲ ಪ್ಲಗ್ 6 ಇದ್ದು, ಬೂಸ್ಟ್ ಚೆನ್ನಾಗಿ ಏರಿಸಿ ಹೈವೇಯಲ್ಲಿ ಜೋರಾಗಿ ಓಡಿಸುತ್ತೀರಾದರೆ 7 ಹಾಕುವುದು ನ್ಯಾಯ. ದೊಡ್ಡ ಟರ್ಬೊ, ಟ್ರ್ಯಾಕ್ ಓಟ ಇದ್ದರೆ 8ರ ಮಾತು ಬರಬಹುದು. ಅಲ್ಲಿ ಟ್ಯೂನ್ ಮಾಡಿದವರ ಮಾತೇ ಕೊನೆಯದು. ಅವರು ಯಾವ ಪ್ಲಗ್ ಇಟ್ಟುಕೊಂಡು ಮ್ಯಾಪ್ ಮಾಡಿದರೋ ಅದನ್ನೇ ಹಾಕಿ.

ಎರಡರ ನಡುವೆ ತೀರ್ಮಾನ ಆಗದಿದ್ದರೆ? ಟ್ಯೂನ್ ಆದ ಟರ್ಬೊಗೆ ನಾನು ಕೋಲ್ಡ್ ಕಡೆಗೇ ವಾಲುತ್ತೇನೆ. ಒಂದು ಮೆಟ್ಟಿಲು ಜಾಸ್ತಿ ಕೋಲ್ಡ್ ಆದರೆ ಪ್ಲಗ್ ಮಸಿ ಹಿಡಿಯುತ್ತದೆ, ಬೆಳಗ್ಗೆ ಸ್ಟಾರ್ಟಿಂಗ್ ಸ್ವಲ್ಪ ಒರಟಾಗುತ್ತದೆ. ಬಿಚ್ಚಿ ಬದಲಿಸಬಹುದು. ಒಂದು ಮೆಟ್ಟಿಲು ಜಾಸ್ತಿ ಹಾಟ್ ಆದರೆ ಹೋಗುವುದು ಪಿಸ್ಟನ್. ಆದರೆ ಬದಲಾವಣೆ ಏನೂ ಆಗದ, ದಿನಾ ನಾಲ್ಕೈದು ಕಿಲೋಮೀಟರ್ ಓಡುವ ಕಾರಿಗೆ ಈ ಮಾತು ಹೇಳುವುದಿಲ್ಲ. ಅಂಥ ಕಾರಿನ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಅಪರೂಪ. ಅಲ್ಲಿ ಕೋಲ್ಡ್ ಪ್ಲಗ್ ಬರೀ ತೊಂದರೆ.

ಹೆಜ್ಜೆ 5: ಗ್ಯಾಪ್

ಟರ್ಬೊ ಇಲ್ಲದ ಎಂಜಿನ್‌ಗಳಲ್ಲಿ 1.0ರಿಂದ 1.1 ಮಿ.ಮೀ. ಗ್ಯಾಪ್ ಸಾಮಾನ್ಯ. ಟರ್ಬೊ ಎಂಜಿನ್‌ಗಳಿಗೆ ಹೆಚ್ಚಾಗಿ 0.7ರಿಂದ 0.8 ಮಿ.ಮೀ. ಕೊಡುತ್ತಾರೆ. ಬೂಸ್ಟ್ ಏರಿಸಿದ ಕಾರುಗಳಲ್ಲಿ 0.6ರ ಆಸುಪಾಸಿಗೆ ಇಳಿಸುವುದುಂಟು.

ಹಾಗಾದರೆ ಇನ್ನೂ ಕಿರಿದು ಮಾಡಿದರೆ ಒಳ್ಳೆಯದೇ? ಇಲ್ಲ. ಗ್ಯಾಪ್ ಅಗಲ ಇದ್ದಷ್ಟೂ ಕಿಡಿ ದೊಡ್ಡದು, ಮಿಶ್ರಣಕ್ಕೆ ಬೆಂಕಿ ಹತ್ತುವುದು ಸಲೀಸು. ತೀರಾ ಕಿರಿದಾದರೆ ಕಿಡಿ ಪುಟ್ಟದಾಗುತ್ತದೆ, ಹುಟ್ಟಿದ ಜ್ವಾಲೆಯ ಬಿಸಿಯನ್ನು ಎಲೆಕ್ಟ್ರೋಡ್‌ಗಳೇ ಹೀರಿಕೊಳ್ಳುತ್ತವೆ. ಐಡ್ಲಿಂಗ್ ನಡುಗುತ್ತದೆ, ಹಗುರ ಲೋಡ್‌ನಲ್ಲಿ ಮಿಸ್ ಆಗುತ್ತದೆ, ಅಂದರೆ ಕೆಲವು ಸಲ ಬೆಂಕಿ ಹತ್ತುವುದೇ ಇಲ್ಲ. ಹಾಗಾಗಿ ನಿಯಮ ಇಷ್ಟು: ಪೂರ್ತಿ ಬೂಸ್ಟ್‌ನಲ್ಲಿ ಮಿಸ್ ಆಗದ ಗ್ಯಾಪ್‌ಗಳಲ್ಲಿ ಅತಿ ಅಗಲವಾದದ್ದೇ ನಿಮ್ಮ ಗ್ಯಾಪ್. ಮೂಲ ಅಳತೆಯಿಂದ ಶುರು ಮಾಡಿ. ಮಿಸ್ ಬಂದರೆ, ಕಾಯಿಲ್ ಚೆನ್ನಾಗಿದೆ ಎಂದು ಖಚಿತವಾದ ಮೇಲೆ, 0.05 ಮಿ.ಮೀ.ನಂತೆ ಇಳಿಸುತ್ತಾ ಬನ್ನಿ.

ಪ್ಲಗ್ ಸವೆದಂತೆ ಗ್ಯಾಪ್ ತಾನೇ ಅಗಲವಾಗುತ್ತದೆ. 3,000 ಆರ್‌ಪಿಎಂನಲ್ಲಿ ಓಡುವ ಫೋರ್ ಸ್ಟ್ರೋಕ್ ಎಂಜಿನ್‌ನ ಒಂದೊಂದು ಪ್ಲಗ್ ಸೆಕೆಂಡಿಗೆ 25 ಸಲ ಕಿಡಿ ಹಾರಿಸುತ್ತದೆ. ಪ್ರತಿ ಕಿಡಿಯೂ ಒಂದಿಷ್ಟು ಲೋಹವನ್ನು ತಿನ್ನುತ್ತದೆ. ಟರ್ಬೊ ಇಲ್ಲದ ಕಾರು ಈ ಸವೆತವನ್ನು ತುಂಬಾ ಕಾಲ ಸಹಿಸಿಕೊಳ್ಳುತ್ತದೆ. ಟರ್ಬೊ ಕಾರು ಸಹಿಸುವುದಿಲ್ಲ, ಬೇಗ ಮುಗ್ಗರಿಸಿ ತೋರಿಸುತ್ತದೆ.

"ಪ್ರಿ-ಗ್ಯಾಪ್ಡ್" ಎಂದು ಪೆಟ್ಟಿಗೆ ಮೇಲೆ ಬರೆದಿದ್ದರೂ ಅಳೆದು ನೋಡಿ. ಒಂದೇ ಪ್ಲಗ್ ಹಲವು ಎಂಜಿನ್‌ಗಳಿಗೆ ಹೋಗುತ್ತದೆ. ದಾರಿಯಲ್ಲಿ ಬಿದ್ದಿರಲೂಬಹುದು. ಅಳೆಯಲು ವೈರ್ ಗೇಜ್ ಬಳಸಿ. ನಾಣ್ಯದಂತಿರುವ ಓರೆ ಅಂಚಿನ ಗೇಜನ್ನು ಸಂದಿಗೆ ತುರುಕಿ ತಿರುಗಿಸಬೇಡಿ. ಇರಿಡಿಯಂ ತುದಿ ಕಡ್ಡಿಯಷ್ಟು ಸಣ್ಣ, ಗಡಸು ಇದ್ದರೂ ಪೆಳಸು. ಒಂದು ಸಲ ಒತ್ತಿದರೆ ಮುರಿಯುತ್ತದೆ. ಬಾಗಿಸುವುದು ಹೊರ ಎಲೆಕ್ಟ್ರೋಡನ್ನು ಮಾತ್ರ. ಅದಕ್ಕೆಂದೇ ಇರುವ ಗ್ಯಾಪ್ ಟೂಲ್‌ನಿಂದ, ನಡು ಎಲೆಕ್ಟ್ರೋಡ್ ಮತ್ತು ಪಿಂಗಾಣಿಗೆ ತಾಗದ ಹಾಗೆ ಬಾಗಿಸಿ. ಕಂಪನಿ ಇಟ್ಟ ಗ್ಯಾಪ್‌ನಿಂದ 0.2 ಮಿ.ಮೀ.ಗಿಂತ ಜಾಸ್ತಿ ಬದಲಿಸಬೇಕಾಗಿ ಬಂದರೆ ಆ ಪ್ಲಗ್ಗೇ ತಪ್ಪು. ತುಂಬಾ ಬಾಗಿಸಿದರೆ ಎರಡು ತುದಿಗಳು ಎದುರುಬದುರು ನಿಲ್ಲುವುದಿಲ್ಲ. ಹೊರ ಎಲೆಕ್ಟ್ರೋಡ್ ಎರಡು, ಮೂರು ಇರುವ ಪ್ಲಗ್‌ಗಳನ್ನು ಮುಟ್ಟಲೇಬೇಡಿ.

ಹೆಜ್ಜೆ 6: ಲೋಹ

ನಿಕ್ಕಲ್ ಮಿಶ್ರಲೋಹದ ಪ್ಲಗ್ಗನ್ನು "ಕಾಪರ್ ಪ್ಲಗ್" ಎಂದು ಮಾರುತ್ತಾರೆ. ತಾಮ್ರ ಇರುವುದು ಒಳಗಿನ ತಿರುಳಿನಲ್ಲಿ, ಬಿಸಿ ಸಾಗಿಸಲು. ದುಬಾರಿ ಪ್ಲಗ್‌ಗಳಲ್ಲೂ ಸಾಮಾನ್ಯವಾಗಿ ಅದು ಇರುತ್ತದೆ. ನಿಕ್ಕಲ್ ಸುಮಾರು 1,455 ಡಿಗ್ರಿಯಲ್ಲಿ ಕರಗುತ್ತದೆ, ಪ್ಲಾಟಿನಂ ಸುಮಾರು 1,768ರಲ್ಲಿ, ಇರಿಡಿಯಂ ಸುಮಾರು 2,446ರಲ್ಲಿ. ಇರಿಡಿಯಂ ಅಷ್ಟು ಗಟ್ಟಿ ಇರುವುದರಿಂದಲೇ ನಡು ಎಲೆಕ್ಟ್ರೋಡನ್ನು 0.4 ಅಥವಾ 0.6 ಮಿ.ಮೀ.ವರೆಗೆ ತೆಳ್ಳಗೆ ಮಾಡಬಹುದು. ತೆಳು ತುದಿಯಿಂದ ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು. ಟರ್ಬೊ ಕಾರಿಗೆ ಇರಿಡಿಯಂ ಇಷ್ಟವಾಗುವುದು ಈ ಕಾರಣಕ್ಕೆ, ಜಾಹೀರಾತಿನಲ್ಲಿ ಹೇಳುವ ಪಿಕಪ್‌ಗಾಗಿ ಅಲ್ಲ.

ಇರಿಡಿಯಂನಲ್ಲೂ ಎರಡು ಥರ ಇದೆ. ಕೆಲವದರಲ್ಲಿ ನಡು ತುದಿ ಮಾತ್ರ ಇರಿಡಿಯಂ, ಹೊರ ಎಲೆಕ್ಟ್ರೋಡ್ ಸಾದಾ ನಿಕ್ಕಲ್. ಎನ್‌ಜಿಕೆಯ ಇರಿಡಿಯಂ ಐಎಕ್ಸ್ ಈ ಬಗೆಯದ್ದು. ಇನ್ನು ಕೆಲವದರಲ್ಲಿ ಹೊರ ಎಲೆಕ್ಟ್ರೋಡ್ ಮೇಲೂ ಪ್ಲಾಟಿನಂ ಚೂರು ಬೆಸೆದಿರುತ್ತಾರೆ. ಲೇಸರ್ ಇರಿಡಿಯಂ ಅಂಥದ್ದು. ಬಾಳಿಕೆ ಬೇಕಾದರೆ ಎರಡನೆಯದು. ಕಾರು ಹೊಸದಾಗಿ ಬಂದಾಗ ಇದ್ದದ್ದು ಎರಡನೆಯ ಬಗೆಯಾಗಿದ್ದು, ನೀವು ಮೊದಲನೆಯದನ್ನು ಹಾಕಿದರೆ ಮ್ಯಾನುಯಲ್ ಹೇಳುವ ಕಿಲೋಮೀಟರ್‌ವರೆಗೆ ಕಾಯಬೇಡಿ.

ತಯಾರಕರು ಇರಿಡಿಯಂ ಅಥವಾ ಪ್ಲಾಟಿನಂ ಕೊಟ್ಟಿದ್ದರೆ ಅದನ್ನೇ ಹಾಕಿ. ಟ್ಯೂನ್ ಆದ, ಜೋರಾಗಿ ಓಡುವ ಕಾರಿಗೆ ನಿಕ್ಕಲ್ ಹಾಕಿ ಬೇಗಬೇಗ ಬದಲಿಸುವವರೂ ಇದ್ದಾರೆ. ಅದು ಮರ್ಯಾದೆಯ ದಾರಿಯೇ. ನಿಕ್ಕಲ್ ಪ್ಲಗ್‌ನ ಗ್ಯಾಪ್ ಹೊಂದಿಸುವುದು ಸುಲಭ, ಬೇಕಾದ ಹೀಟ್ ರೇಂಜ್ ಸಿಗುವುದೂ ಸುಲಭ. ಆದರೆ ಟರ್ಬೊದಲ್ಲಿ 20,000–30,000 ಕಿ.ಮೀ. ಒಳಗೇ ಬದಲಿಸುವ ಶಿಸ್ತು ಬೇಕು, ಜೋರಾಗಿ ಓಡಿಸಿದರೆ ಇನ್ನೂ ಬೇಗ.

ಹೆಜ್ಜೆ 7: ನಂಬರ್ ಓದಿ, ಪೆಟ್ಟಿಗೆ ನೋಡಿ

ಒಂದು ಉದಾಹರಣೆ: ಎನ್‌ಜಿಕೆ ಬಿಕೆಆರ್7ಇಐಎಕ್ಸ್. 'ಬಿಕೆ' ಅಂದರೆ 14 ಮಿ.ಮೀ. ಥ್ರೆಡ್, 16 ಮಿ.ಮೀ. ಹೆಕ್ಸ್. 'ಆರ್' ರೆಸಿಸ್ಟರ್. 7 ಹೀಟ್ ರೇಂಜ್. 'ಇ' ಅಂದರೆ 19 ಮಿ.ಮೀ. ಉದ್ದದ ಥ್ರೆಡ್. 'ಐಎಕ್ಸ್' ಇರಿಡಿಯಂ. ಕೊನೆಯಲ್ಲಿ ಅಡ್ಡಗೆರೆ ಹಾಕಿ 11 ಎಂದಿದ್ದರೆ ಗ್ಯಾಪ್ 1.1 ಮಿ.ಮೀ. ಈ 11 ಅನ್ನು ಗಮನಿಸದೆ ಟರ್ಬೊಗೆ ಹಾಕಿಬಿಡುವುದು ತುಂಬಾ ಕಡೆ ನಡೆಯುತ್ತದೆ. ಉಳಿದ ಅಕ್ಷರಗಳೆಲ್ಲ ಹೊಂದುತ್ತವೆ, ಗ್ಯಾಪ್ ಮಾತ್ರ ಟರ್ಬೊ ಇಲ್ಲದ ಎಂಜಿನ್‌ನದ್ದು. ಇದೇ ಅಳತೆ ಮತ್ತು ಹೀಟ್ ರೇಂಜ್‌ಗೆ ಡೆನ್ಸೊದಲ್ಲಿ ಸಿಗುವುದು ಐಕೆ22.

ನಕಲಿ ಪ್ಲಗ್ ಬಗ್ಗೆ ಎಚ್ಚರ. ಹೆಸರಾಂತ ಕಂಪನಿಗಳ ಇರಿಡಿಯಂ ಪ್ಲಗ್‌ಗಳಿಗೇ ನಕಲು ಜಾಸ್ತಿ. ಪಿಂಗಾಣಿ ಮೇಲಿನ ಅಕ್ಷರ ಮಸುಕಾಗಿದ್ದರೆ, ನಡು ತುದಿ ವಾರೆಯಾಗಿದ್ದರೆ, ಅದರ ಬೆಸುಗೆ ಒರಟಾಗಿದ್ದರೆ, ವಾಷರ್ ಸುಲಭವಾಗಿ ಕಳಚಿ ಬಂದರೆ ಆ ಸೆಟ್ ವಾಪಸ್ ಕೊಡಿ. ನಂಬಿಕೆಯ ಡೀಲರ್ ಬಿಟ್ಟು ಬೇರೆ ಕಡೆ ತೀರಾ ಅಗ್ಗವಾಗಿ ಸಿಕ್ಕರೆ ಅನುಮಾನ ಪಡಲೇಬೇಕು. ನೆಲಕ್ಕೆ ಬಿದ್ದ ಪ್ಲಗ್ ಹೊರಗಿನಿಂದ ಚೆನ್ನಾಗಿ ಕಂಡರೂ ಹಾಕಬೇಡಿ. ಒಳಗೆ ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಬದಲಿಸುವಾಗ ಎಲ್ಲ ಸಿಲಿಂಡರ್‌ಗೂ ಒಂದೇ ನಂಬರ್, ಒಟ್ಟಿಗೆ.

ಹೆಜ್ಜೆ 8: ಕೂರಿಸುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ಕಾಯಿಲ್‌ನ ಕನೆಕ್ಟರ್ ತೆಗೆದು, ಕಾಯಿಲನ್ನು ಮೆಲ್ಲಗೆ ತಿರುಚುತ್ತಾ ನೇರ ಮೇಲೆ ಎತ್ತಿ. ಪ್ಲಗ್ ಕುಳಿಯ ಮಣ್ಣು, ಕಸ ಗಾಳಿ ಹೊಡೆದು ತೆಗೆಯಿರಿ. ಇಲ್ಲದಿದ್ದರೆ ಎಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ.

ಹೊಸ ಪ್ಲಗ್ಗನ್ನು ಮೊದಲು ಕೈಯಿಂದಲೇ ತಿರುಗಿಸಿ ಇಳಿಸಿ. ಆಳವಾದ ಕುಳಿಯಾದರೆ ಪ್ಲಗ್ ತಲೆಗೆ ರಬ್ಬರ್ ಪೈಪ್ ಸಿಕ್ಕಿಸಿಕೊಳ್ಳಿ. ಥ್ರೆಡ್ ವಾರೆಯಾಗಿ ಹತ್ತಿದರೆ ಪೈಪ್ ಜಾರುತ್ತದೆ, ನಿಮಗೆ ಕೂಡಲೇ ಗೊತ್ತಾಗುತ್ತದೆ. ಆಮೇಲೆ ಟಾರ್ಕ್ ರೆಂಚ್. ಎಂಜಿನ್ ತಯಾರಕರು ಹೇಳಿದ ಟಾರ್ಕ್ ಸಿಕ್ಕರೆ ಅದೇ. ಸಿಗದಿದ್ದರೆ ಅಲ್ಯೂಮಿನಿಯಂ ಹೆಡ್‌ನಲ್ಲಿ ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ 25–30 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15–20, 10 ಮಿ.ಮೀ.ಗೆ 10–12. ಓರೆ ಸೀಟ್‌ನದ್ದಕ್ಕೆ ಇನ್ನೂ ಕಡಿಮೆ ಸಾಕು.

ಬಿಗಿ ಕಡಿಮೆಯಾದರೆ ಬಿಸಿ ಹೆಡ್‌ಗೆ ದಾಟುವುದಿಲ್ಲ. ಆಗ ನೀವು ಲೆಕ್ಕ ಹಾಕಿ ತಂದ ಕೋಲ್ಡ್ ಪ್ಲಗ್ ಕೂಡ ಹಾಟ್ ಪ್ಲಗ್‌ನಂತೆ ಕಾಯುತ್ತದೆ. ಟರ್ಬೊದಲ್ಲಿ ಇದು ಸಣ್ಣ ವಿಷಯ ಅಲ್ಲ. ಥ್ರೆಡ್‌ಗೆ ಆ್ಯಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಅಥವಾ ಗ್ರೀಸ್ ಹಚ್ಚಬೇಡಿ. ಹೆಚ್ಚಿನ ಹೊಸ ಪ್ಲಗ್‌ಗಳ ಥ್ರೆಡ್ ಮೇಲೆ ಅದಕ್ಕೆಂದೇ ಲೇಪನ ಇರುತ್ತದೆ. ಜಿಡ್ಡು ಸೇರಿದರೆ ಅದೇ ಟಾರ್ಕ್‌ಗೆ ಪ್ಲಗ್ ಹೆಚ್ಚು ಬಿಗಿಯಾಗಿ ಥ್ರೆಡ್ ಎಳೆದುಹೋಗುತ್ತದೆ. ಕಾಯಿಲ್ ಬೂಟ್ ಒಳಗೆ ಮಾತ್ರ ತೆಳ್ಳಗೆ ಡೈಎಲೆಕ್ಟ್ರಿಕ್ (ಕರೆಂಟ್ ಹರಿಸದ) ಗ್ರೀಸ್ ಸವರಬಹುದು.

ಹಾಕಿದ ಮೇಲೆ

ಪ್ಲಗ್ ನಂಬರ್, ಗ್ಯಾಪ್, ಓಡೋಮೀಟರ್ ರೀಡಿಂಗ್ ಬರೆದಿಡಿ. ಟರ್ಬೊ ಕಾರುಗಳಲ್ಲಿ ಇರಿಡಿಯಂ, ಪ್ಲಾಟಿನಂ ಪ್ಲಗ್‌ಗಳಿಗೆ ಹಲವು ತಯಾರಕರು 60,000 ಕಿ.ಮೀ. ಸುತ್ತಮುತ್ತ ಹೇಳುತ್ತಾರೆ. ರೀಮ್ಯಾಪ್ ಆಗಿದ್ದರೆ ಅದರ ಅರ್ಧಕ್ಕೇ ಒಮ್ಮೆ ಬಿಚ್ಚಿ ಗ್ಯಾಪ್ ಅಳೆಯುವುದು ಒಳ್ಳೆಯದು. ಹೀಟ್ ರೇಂಜ್ ಬದಲಿಸಿದ್ದರೆ ಸಾವಿರ ಕಿಲೋಮೀಟರ್ ಹೊತ್ತಿಗೇ ಒಂದು ಪ್ಲಗ್ ತೆಗೆದು ಬಣ್ಣ ನೋಡಿ.

ಹೊಸ ಚಿಕ್ಕ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಕಡಿಮೆ ಆರ್‌ಪಿಎಂ, ಭಾರಿ ಲೋಡ್ ಇರುವಾಗ ಒಮ್ಮೆಲೇ ಜೋರಾಗಿ ಕಟಕಟ ಎಂದು ಬಡಿಯುವುದುಂಟು. ಇದು ಎಲ್‌ಎಸ್‌ಪಿಐ, ಅಂದರೆ ಕಡಿಮೆ ವೇಗದಲ್ಲಿ ಆಗುವ ಪ್ರಿ-ಇಗ್ನಿಷನ್. ಸಿಲಿಂಡರ್‌ಗೆ ಸೇರುವ ಆಯಿಲ್ ಹನಿ ಮತ್ತು ಕಾರ್ಬನ್ ಕಣಗಳು ಇದಕ್ಕೆ ಮುಖ್ಯ ಕಾರಣ ಎಂದು ಗುರುತಿಸಿದ್ದಾರೆ. ಪ್ಲಗ್‌ನ ಪಿಂಗಾಣಿ ಇದರಿಂದ ಒಡೆಯಬಹುದು, ಆದರೆ ಕೋಲ್ಡ್ ಪ್ಲಗ್ ಇದಕ್ಕೆ ಮದ್ದಲ್ಲ. ತಯಾರಕರು ಹೇಳಿದ ದರ್ಜೆಯ ಆಯಿಲ್ ಹಾಕಿ. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯಲ್ಲಿ ಈ ತೊಂದರೆಗೆಂದೇ ಪರೀಕ್ಷೆ ಇದೆ. ಮೇಲಿನ ಗೇರ್‌ನಲ್ಲಿ ಎಂಜಿನ್ ಒದ್ದಾಡುವಾಗ ಆಕ್ಸಿಲರೇಟರ್ ಒತ್ತಬೇಡಿ, ಒಂದು ಗೇರ್ ಇಳಿಸಿ.

ಹೊಸ ಪ್ಲಗ್ ಹಾಕಿದ ಮೇಲೂ ಬೂಸ್ಟ್‌ನಲ್ಲಿ ಮಿಸ್ ಹೋಗದಿದ್ದರೆ ಎಂಜಿನ್‌ನ ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿ. ಪಿ0302 ಬಂದರೆ ಮಿಸ್ ಆಗುತ್ತಿರುವುದು ಎರಡನೇ ಸಿಲಿಂಡರ್. ಅದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದರ ಕಾಯಿಲನ್ನು ಎರಡನೆಯದಕ್ಕೆ ಹಾಕಿ, ಕೋಡ್ ಅಳಿಸಿ, ಮತ್ತೆ ಓಡಿಸಿ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲ್ ಹೋಗಿದೆ. ಎರಡರಲ್ಲೇ ಉಳಿದರೆ ಪ್ಲಗ್‌ಗಳನ್ನೂ ಹಾಗೆಯೇ ಅದಲುಬದಲು ಮಾಡಿ ನೋಡಿ. ಆಗಲೂ ಎರಡರಲ್ಲೇ ಇದ್ದರೆ ಮುಂದಿನ ಸರದಿ ಇಂಜೆಕ್ಟರ್ ಮತ್ತು ಕಂಪ್ರೆಷನ್ ಪರೀಕ್ಷೆಯದ್ದು. ಲೈಟ್ ಮಿಣುಕುತ್ತಿರುವಾಗ ಮಾತ್ರ ಜೋರಾಗಿ ಓಡಿಸಬೇಡಿ, ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಹೋಗಿ ಉರಿದು ಅದನ್ನೂ ಕೆಡಿಸುತ್ತದೆ.